ಹಸುಗೂಸಿನ ಬಟ್ಟೆ ಮತ್ತು ಮಳೆಗಾಲದ ಬೂಷ್ಟು

ಶುಚಿತ್ವದ ಕುರಿತಾದ ನಮ್ಮ ಪ್ರವಚನಗಳು ಹೆಚ್ಚಾಗಿ ವುಝೂವಿನಿಂದ ಆರಂಭಗೊಂಡು ಸ್ನಾನದೊಂದಿಗೆ ಮುಗಿಯುತ್ತವೆ. ಬಾಣಂತಿಯ ಕೋಣೆಯ ಮೂಲೆಯಲ್ಲಿರುವ ಬಕೆಟ್ಟಿನವರೆಗೆ ಅವು ತಲುಪುವುದು ವಿರಳ. ಆದರೆ ಹಸುಗೂಸಿರುವ ಮನೆಯಲ್ಲಿ ಶುಚಿತ್ವದ ದಿನನಿತ್ಯದ ಪರೀಕ್ಷೆ ನಡೆಯುವುದು ಆ ಬಕೆಟ್ಟಿನಲ್ಲಿಯೇ. ಅದರಲ್ಲೂ ವರ್ಷಕ್ಕೆ 3500 ಮಿ.ಮೀ.ಗಿಂತಲೂ ಹೆಚ್ಚು ಮಳೆ ಸುರಿಯುವ ದಕ್ಷಿಣ ಕನ್ನಡದಂತಹ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಆ ಪರೀಕ್ಷೆ ಸುಲಭದ್ದಲ್ಲ.

ನನ್ನ ಮಗಳ ಬಾಣಂತನ ನಡೆದದ್ದು ಆಟಿ ತಿಂಗಳ ಮಳೆಯಲ್ಲಿ. ನನ್ನ ಹಳೆಯ ನೂಲಿನ ಸೀರೆಗಳನ್ನೂ ಅವಳ ತಂದೆಯ ಸವೆದ ಬಿಳಿ ಮುಂಡುಗಳನ್ನೂ ಹರಿದು ಮಗುವಿಗೆ ಲಂಗೋಟಿ ಬಟ್ಟೆಗಳನ್ನು ಸಿದ್ಧಪಡಿಸಿದ್ದೆವು. ಅಳಿಯನ ಮನೆಯವರು ಹೊರಗೆ ನೀರು ತಡೆಯುವ ಪದರ, ಒಳಗೆ ದಪ್ಪ ಪ್ಯಾಡ್ ಇರುವ ಹೊಲಿದ ನ್ಯಾಪಿಗಳನ್ನು ಕಳುಹಿಸಿದ್ದರು. ಮೂರನೆಯ ವಾರಕ್ಕಾಗುವಾಗ ಆ ದಪ್ಪ ಪ್ಯಾಡ್‌ಗಳ ಅಂಚಿನಲ್ಲಿ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಮಗಳಿಗೆ ಎರಡು ಭಯ. ಮಗುವಿನ ಚರ್ಮಕ್ಕೆ ಏನಾದೀತೆಂಬುದು ಒಂದು. ಎಷ್ಟು ಒಗೆದರೂ ಹೋಗದ ಈ ಕಲೆಯ ಬಟ್ಟೆ ಉಡಿಸಿದ ಮಗುವನ್ನು ಎತ್ತಿಕೊಂಡರೆ ತನ್ನ ಬಟ್ಟೆಯೂ ಅಶುದ್ಧವಾಗಿ, ಮುಂದೆ ನಮಾಝ್‌ಗೆ ನಿಲ್ಲುವಾಗ ತೊಡಕಾದೀತೆಂಬುದು ಇನ್ನೊಂದು. "ಉಮ್ಮಾ, ಇದನ್ನೆಲ್ಲ ಬಿಸಾಡಿ ಅಂಗಡಿಯ ಡೈಪರನ್ನೇ ತರಿಸೋಣ" ಎಂದಳು.

ಬೂಷ್ಟು ಕೊಳೆಯಲ್ಲ, ಅದೊಂದು ಜೀವಿ. ಗಾಳಿಯಲ್ಲಿ ಸದಾ ತೇಲುತ್ತಿರುವ ಶಿಲೀಂಧ್ರದ ಬೀಜಕಣಗಳು ಒದ್ದೆ ಹತ್ತಿಯ ಮೇಲೆ ಕುಳಿತು, ಒಂದೆರಡು ದಿನ ತೇವ ಸಿಕ್ಕಿದರೆ ನೂಲಿನೊಳಗೆ ಎಳೆಬಿಟ್ಟು ಬೆಳೆಯುತ್ತವೆ. ಹತ್ತಿಯೇ ಅವುಗಳ ಆಹಾರ. ಒಂದೇ ಪದರದ ಸೀರೆಬಟ್ಟೆ ಫ್ಯಾನಿನ ಗಾಳಿಗೆ ಬೇಗ ಒಣಗುತ್ತದೆ. ನಾಲ್ಕೈದು ಪದರಗಳ ಪ್ಯಾಡ್ ಮುಟ್ಟಲು ಒಣಗಿದಂತಿದ್ದರೂ ಹೊಲಿಗೆಯ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನಮ್ಮ ಸೀರೆತುಂಡುಗಳಿಗೆ ಬೂಷ್ಟು ಹಿಡಿಯದಿದ್ದುದರ ಗುಟ್ಟು ಇಷ್ಟೇ. ಮಗುವಿನ ತೊಡೆಸಂದಿನಲ್ಲಿ ಕೆಂಪಾಗಿ ಹರಡುವ ಕ್ಯಾಂಡಿಡಾ ಸೋಂಕು ಬೇರೆಯೇ ಜಾತಿಯ ಶಿಲೀಂಧ್ರದಿಂದ ಬರುವಂಥದ್ದು. ಅದಕ್ಕೆ ವೈದ್ಯರ ಮುಲಾಮು ಬೇಕು, ಬಟ್ಟೆ ಒಗೆದರಷ್ಟೇ ಸಾಲದು. ಹಾಗೆಂದು ಬೂಷ್ಟು ಹಿಡಿದ ಬಟ್ಟೆಯನ್ನು ಎಳೆಯ ಚರ್ಮಕ್ಕೆ ತಾಗಿಸುವುದೂ ಸರಿಯಲ್ಲ.

ಚುಕ್ಕೆ ಬಿದ್ದ ಬಟ್ಟೆಗಳನ್ನು ಮೊದಲು ಬೇರ್ಪಡಿಸಿದೆವು. ಒಣ ಬೂಷ್ಟನ್ನು ಕೋಣೆಯೊಳಗೆ ಕೊಡವಬಾರದು, ಬೀಜಕಣಗಳು ತೊಟ್ಟಿಲಿನವರೆಗೂ ಹಾರುತ್ತವೆ. ಜಗಲಿಯಲ್ಲಿ ಬ್ರಷ್‌ನಿಂದ ಉಜ್ಜಿ, ಬಳಿಕ ಸೋಡಿಯಂ ಪರ್‌ಕಾರ್ಬನೇಟ್ ಇರುವ ಕಲೆ ತೆಗೆಯುವ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಕೆಲವು ಗಂಟೆ ನೆನೆಸಿದೆವು. ಈ ಪುಡಿ ನೀರಿಗೆ ಬಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೋಡಾ ಆಗಿ ಒಡೆಯುತ್ತದೆ. ತಣ್ಣೀರಿನಲ್ಲಿ ಅದರ ಕೆಲಸ ನಿಧಾನ. ಆನಂತರ ಸುಮಾರು 60 ಡಿಗ್ರಿಯ ನೀರಿನಲ್ಲಿ ಸಾಬೂನು ಹಾಕಿ ಒಗೆದು, ನೊರೆ ಸಂಪೂರ್ಣ ಹೋಗುವವರೆಗೆ ಜಾಲಿಸಿದೆವು. ನೀರು ತಡೆಯುವ ಹೊರಪದರವನ್ನು ಮಾತ್ರ ಅಷ್ಟು ಬಿಸಿಗೆ ಒಡ್ಡಲಿಲ್ಲ, ಅದು ಸುಕ್ಕುಗಟ್ಟಿ ಬಿರಿಯುತ್ತದೆ. ಕ್ಲೋರಿನ್ ಬ್ಲೀಚ್ ಬೂಷ್ಟನ್ನು ಕೊಲ್ಲುವುದು ನಿಜ. ಆದರೆ ಅದು ನೂಲನ್ನೂ ಇಲಾಸ್ಟಿಕ್ಕನ್ನೂ ತಿನ್ನುತ್ತದೆ. ಅದರೊಂದಿಗೆ ವಿನೆಗರನ್ನೋ ಶೌಚಾಲಯ ತೊಳೆಯುವ ಆಸಿಡ್ಡನ್ನೋ ಬೆರೆಸಿದರೆ ಏಳುವ ಅನಿಲ ಶ್ವಾಸಕೋಶವನ್ನೇ ಸುಡಬಲ್ಲದು. ಬಾಣಂತಿಯ ಮನೆಯಲ್ಲಿ ಆ ಸಾಹಸ ಬೇಡ.

ಇಷ್ಟಾದರೂ ಕೆಲವು ಬಟ್ಟೆಗಳಲ್ಲಿ ಬೂದುಬಣ್ಣದ ನೆರಳು ಉಳಿಯಿತು. ಮಗಳ ಎರಡನೆಯ ಭಯಕ್ಕೆ ಉತ್ತರ ಬೇಕಾದದ್ದು ಇಲ್ಲಿ. ಗಂಡುಮಗು ಹಾಲನ್ನಲ್ಲದೆ ಬೇರೆ ಆಹಾರ ಸೇವಿಸದಿರುವಾಗ ಅದರ ಮೂತ್ರಕ್ಕೆ ನೀರು ಚಿಮುಕಿಸಿದರೆ ಸಾಕೆಂದೂ ಹೆಣ್ಣುಮಗುವಿನದ್ದನ್ನು ತೊಳೆಯಬೇಕೆಂದೂ ನಮ್ಮ ಕರಾವಳಿಯಲ್ಲಿ ಅನುಸರಿಸಲ್ಪಡುವ ಶಾಫಿಈ ಕರ್ಮಶಾಸ್ತ್ರ ಹೇಳುತ್ತದೆ. ನಮ್ಮದು ಹೆಣ್ಣುಮಗು, ತೊಳೆದದ್ದಾಯಿತು. ನಜಸನ್ನು ನೀಗಿಸಿ ಶುದ್ಧ ನೀರು ಹಾಯಿಸಿದ ಮೇಲೆ, ಉಜ್ಜಿದರೂ ಹೋಗದ ಬಣ್ಣವಷ್ಟೇ ಉಳಿದರೆ ಅದಕ್ಕೆ ರಿಯಾಯಿತಿಯಿದೆ. ಪ್ರವಾದಿ(ಸ)ರು ತಮ್ಮ ಮೊಮ್ಮಗಳು ಉಮಾಮಾ(ರ)ರನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ್ದರೆಂಬುದನ್ನು ಅವಳಿಗೆ ನೆನಪಿಸಿದೆ. ಅವಳ ಮುಖ ತುಸು ಹಗುರಾಯಿತು. ಡೈಪರ್ ಮಾತು ಮತ್ತೆ ಬರಲಿಲ್ಲ, ರಾತ್ರಿಗೆ ಒಂದನ್ನು ಹೊರತುಪಡಿಸಿ. ರಾತ್ರಿಗೆ ಅದಿರಲಿ ಎಂಬುದು ನನ್ನ ಅಭಿಪ್ರಾಯವೂ ಹೌದು. ತಾಯಿಯ ನಿದ್ದೆಗೂ ಬೆಲೆಯಿದೆ.

ಇನ್ನೊಂದು ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಬೂಷ್ಟಿನ ಸುದ್ದಿ ಕೇಳಿದ ಬಂಧುವೊಬ್ಬರು ಪ್ರೀತಿಯಿಂದ ಒಂದು ಪೊಟ್ಟಣ ನುಸಿಗುಳಿಗೆ ತಂದು ಮಗುವಿನ ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕಲು ಹೊರಟರು. ನಾನು ತಡೆದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಮಕ್ಕಳಿದ್ದಾರೆ. ನ್ಯಾಫ್ತಲೀನ್ ಗುಳಿಗೆಯೊಂದಿಗೆ ಇಟ್ಟ ಬಟ್ಟೆಯನ್ನು ಅವರಿಗೆ ಉಡಿಸಿದರೆ, ಅದರ ಆವಿಯಿಂದಲೇ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಮೆದುಳಿಗೆ ಹಾನಿ ಮಾಡುವಷ್ಟು ಏರಬಹುದು. ಮಗುವಿಗೆ ಆ ಕೊರತೆ ಇದೆಯೇ ಎಂಬುದು ಪರೀಕ್ಷೆ ಮಾಡಿಸದ ಹೊರತು ತಿಳಿಯದು. ನಮ್ಮ ಮಗು ಮೊದಲ ವಾರದಲ್ಲಿ ಕಾಮಾಲೆಗಾಗಿ ನೀಲಿ ಬೆಳಕಿನಡಿ ಎರಡು ದಿನ ಮಲಗಿ ಬಂದಿತ್ತು. ಬಂಧುವಿಗೆ ಬೇಸರವಾಯಿತು. "ನಾವು ಮಕ್ಕಳನ್ನು ಸಾಕಲಿಲ್ಲವೇ?" ಎಂದರು. ಸಾಕಿದ್ದಾರೆ, ಚೆನ್ನಾಗಿಯೇ ಸಾಕಿದ್ದಾರೆ. ಆದರೂ ಗುಳಿಗೆಯನ್ನು ಮನೆಯಿಂದ ಹೊರಗೆ ಕಳುಹಿಸಿದೆ. ಕೆಂಡದ ಮೇಲೆ ಬುಟ್ಟಿ ಕವುಚಿ ಲೋಬಾನದ ಹೊಗೆಯಲ್ಲಿ ಬಟ್ಟೆ ಒಣಗಿಸುವ ಪದ್ಧತಿಯನ್ನೂ ಕೈಬಿಟ್ಟೆವು. ಆ ಪರಿಮಳ ನನಗೂ ಇಷ್ಟ, ಆದರೆ ಹಸುಗೂಸಿನ ಉಸಿರಿಗೆ ಹೊಗೆ ಸಲ್ಲದು.

ಅದರ ಬದಲು ಬಚ್ಚಲುಮನೆಯ ಹಂಡೆ ಒಲೆ ಆರಿದ ಮೇಲೆ, ಆ ಬಿಸಿ ಗೋಡೆಯ ಪಕ್ಕದಲ್ಲಿ ಹಗ್ಗ ಕಟ್ಟಿದೆವು. ಒದ್ದೆ ಬಟ್ಟೆಯನ್ನು ಮುಚ್ಚಿದ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕುವುದನ್ನು ನಿಲ್ಲಿಸಿ, ಮಲವನ್ನು ಕೂಡಲೇ ತೊಳೆದು, ತೂತಿರುವ ಬುಟ್ಟಿಯಲ್ಲಿಟ್ಟು, ದಿನವೂ ಒಗೆಯತೊಡಗಿದೆವು. ಯಂತ್ರದಲ್ಲಿ ಎರಡು ಸಲ ಹಿಂಡಿಸಿ, ಪ್ಯಾಡ್‌ಗಳನ್ನು ಒಂದಕ್ಕೊಂದು ತಾಗದಂತೆ ಫ್ಯಾನಿನಡಿ ಹರಡಿ, ಕೊನೆಗೆ ಹೊಲಿಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಿದ್ದೆವು. ಯಂತ್ರದ ಬಾಯಿಯ ರಬ್ಬರಿನ ಮಡಿಕೆಯಲ್ಲಿಯೂ ಬೂಷ್ಟು ಅಡಗಿತ್ತು. ಅದನ್ನು ಒರೆಸಿ, ಬಾಗಿಲನ್ನು ತೆರೆದೇ ಇಡಲಾಯಿತು. ಮಡಚುವ ಮೊದಲು ಪ್ಯಾಡನ್ನು ಕೆನ್ನೆಗೆ ಒತ್ತಿ ನೋಡುವುದು ನನ್ನ ಪದ್ಧತಿ. ಬೆರಳಿಗೆ ತಿಳಿಯದ ತಂಪು ಕೆನ್ನೆಗೆ ತಿಳಿಯುತ್ತದೆ.

ಒಟ್ಟು ನಾಲ್ಕು ಪ್ಯಾಡ್‌ಗಳಲ್ಲಿ ಒಗೆದ ಮೇಲೂ ಮುಗ್ಗಲು ವಾಸನೆ ಹೋಗಲಿಲ್ಲ. ವಾಸನೆ ಉಳಿದಿದ್ದರೆ ಒಳಗೆ ಬೂಷ್ಟು ಬದುಕಿದೆ ಎಂದೇ ಅರ್ಥ. ಅವುಗಳನ್ನು ಎಸೆದೆವು. ಉಳಿದವು ಸೆಪ್ಟೆಂಬರಿನ ಬಿಸಿಲು ಬಂದಾಗ ಅಂಗಳದ ಹಗ್ಗ ಸೇರಿದವು, ಕೆಲವುದರ ಬೂದುನೆರಳು ಹಾಗೆಯೇ ಇತ್ತು.