ನಕ್ಷೆಯ ಬಣ್ಣ

ಭೂಪಟ ನೋಡುವ ಹುಚ್ಚು ನನಗೆ ಹಳೆಯದು. ಮಳೆ, ಬೆಳೆ, ಕಾಡು, ಗಣಿ ಇವಕ್ಕೆಲ್ಲ ಒಂದೊಂದು ಬಣ್ಣ ಕೊಟ್ಟು ಇಡೀ ದೇಶವನ್ನು ಒಂದು ಹಾಳೆಯಲ್ಲಿ ಕೂಡಿಸುವ ವಿದ್ಯೆಗಿಂತ ನಿರಪಾಯಕರವಾದದ್ದು ಬೇರೆ ಯಾವುದಿದೆ? ಆದರೆ ಈಗ ಉಗ್ರ ರಾಜಕೀಯಕ್ಕೂ ಭೂಪಟ ಬರೆಯುತ್ತಾರೆ. ಅದನ್ನು ನೋಡುವಾಗ ಆ ಹಳೆಯ ಸುಖ ಇಲ್ಲ.

ನಾನು ಹೇಳುತ್ತಿರುವುದು ಜರ್ಮನಿಯ ನಕ್ಷೆ. 2025ರ ಫೆಬ್ರುವರಿಯ ಚುನಾವಣೆಯಲ್ಲಿ ಎ.ಎಫ್.ಡಿ. ಎಂಬ ಬಲಪಂಥೀಯ ಪಕ್ಷಕ್ಕೆ ಇಡೀ ದೇಶದಲ್ಲಿ ಬಿದ್ದದ್ದು ನೂರಕ್ಕೆ 20.8 ಮತ. ಅದರ ಬಣ್ಣ ನೀಲಿ. ಬರ್ಲಿನ್ನನ್ನು ಬಿಟ್ಟರೆ, ಹಳೆಯ ಪೂರ್ವ ಜರ್ಮನಿಯ ಐದು ರಾಜ್ಯಗಳಲ್ಲೂ ಅದೇ ಮೊದಲು ಬಂತು. 1989ರಲ್ಲಿ ಬಿದ್ದ ಗೋಡೆ ನಕ್ಷೆಯ ಮೇಲೆ ಇನ್ನೂ ನಿಂತೇ ಇದೆ.

ಆ ದೂರದ ದೇಶದ ಚಿಂತೆ ನಿನಗೇಕೆ ಎಂದೀರಿ. ನನ್ನ ತಂಗಿಯ ಮಗ ಅಲ್ಲಿನ ತುರಿಂಗಿಯಾ ರಾಜ್ಯದ ಯೇನಾ ಪಟ್ಟಣದಲ್ಲಿ ಓದುತ್ತಿದ್ದಾನೆ. ಓದು ಮುಗಿಯುತ್ತ ಬಂದಿದೆ. ಅದೇ ರಾಜ್ಯದ ಒಂದು ಚಿಕ್ಕ ಊರಿನ ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿದೆ. ತಂಗಿ ಫೋನಿನಲ್ಲಿ ಕೇಳಿದಳು: “ಅಣ್ಣಾ, ನಿನ್ನ ನಕ್ಷೆಯಲ್ಲಿ ಆ ಊರು ಯಾವ ಬಣ್ಣ?” “ನೀಲಿ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಹುಡುಗನ ಬಣ್ಣ ನಿನಗೆ ಗೊತ್ತಲ್ಲ” ಎಂದಳು.

ತುರಿಂಗಿಯಾದ ಚರಿತ್ರೆ ತಂಗಿಗೆ ಸಮಾಧಾನ ಹೇಳುವಂಥದಲ್ಲ. ಗಯಟೆ, ಷಿಲ್ಲರ್ ಬಾಳಿದ ವೈಮಾರ್ ಅಲ್ಲಿಯದು. 1937ರಲ್ಲಿ ಬುಖೆನ್‌ವಾಲ್ಡ್ ಸೆರೆಶಿಬಿರ ಎದ್ದದ್ದು ಅದೇ ವೈಮಾರಿನ ಮಗ್ಗುಲಿನ ಗುಡ್ಡದ ಮೇಲೆ. ನಾಜಿ ಪಕ್ಷದವನೊಬ್ಬ ಜರ್ಮನಿಯಲ್ಲಿ ಮೊದಲು ಮಂತ್ರಿಯಾದದ್ದು 1930ರಲ್ಲಿ, ಈ ರಾಜ್ಯದಲ್ಲಿಯೇ. 2024ರ ಸೆಪ್ಟೆಂಬರಿನಲ್ಲಿ ಎ.ಎಫ್.ಡಿ. ಒಂದು ರಾಜ್ಯದ ಚುನಾವಣೆಯಲ್ಲಿ ಮೊದಲ ಬಾರಿಗೆ ಮುಂದೆ ಬಂದದ್ದೂ ಇಲ್ಲಿಯೇ. ಇದೆಲ್ಲ ಓದಿದವರು “ಮಣ್ಣಿನ ಗುಣ” ಎಂದು ಕೈ ತೊಳೆದುಕೊಳ್ಳಬಹುದು.

ಆದರೆ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಬೇರೆ ಮಾತು ಹೇಳುತ್ತದೆ. 1932ರ ಜುಲೈಯಲ್ಲಿ, ಸಾಲದಲ್ಲಿ ಮುಳುಗಿದ್ದ ರೈತರ ಆ ನಾಡು ನಾಜಿಗಳಿಗೆ ನೂರಕ್ಕೆ 51 ಮತ ಕೊಟ್ಟಿತು. 2025ರಲ್ಲಿ ಅದೇ ನಾಡು ಎ.ಎಫ್.ಡಿ.ಗೆ ಕೊಟ್ಟದ್ದು 16ರಷ್ಟು, ದೇಶದ ಸರಾಸರಿಗಿಂತ ಕಡಿಮೆ. ಅದೇ ಮಣ್ಣು, ಅದೇ ಗಾಳಿ.

ಹಾಗಾದರೆ ಈ ಬಣ್ಣ ಎಲ್ಲಿಂದ ಬಂತು? 1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಪೂರ್ವದ 8,000ಕ್ಕೂ ಹೆಚ್ಚು ಸರ್ಕಾರಿ ಉದ್ಯಮಗಳು ಟ್ರಾಯ್‌ಹಾಂಡ್ ಎಂಬ ಸಂಸ್ಥೆಯ ಕೈ ಸೇರಿದವು. ನಾಲ್ಕೈದು ವರ್ಷಗಳಲ್ಲಿ ಮಾರಿದ್ದು ಮಾರಿಯಾಯಿತು, ಮುಚ್ಚಿದ್ದು ಮುಚ್ಚಿಯಾಯಿತು. ಓದಿದ ಹುಡುಗರು, ಅವರಿಗಿಂತ ಹೆಚ್ಚಾಗಿ ಹುಡುಗಿಯರು, ಪಶ್ಚಿಮಕ್ಕೆ ನಡೆದರು. ಉಳಿದ ಊರುಗಳಲ್ಲಿ ಶಾಲೆ, ರೈಲು, ಅಂಗಡಿ ಒಂದೊಂದಾಗಿ ನಿಂತುವು. ಪಶ್ಚಿಮದಲ್ಲೂ ಕಲ್ಲಿದ್ದಲಿನ ಗಣಿ ಮುಚ್ಚಿದ ಗೆಲ್ಸೆನ್‌ಕಿರ್ಖೆನ್‌ನಲ್ಲಿ 2025ರಲ್ಲಿ ಇದೇ ಪಕ್ಷಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿತ್ತು. ವಿಚಿತ್ರವೆಂದರೆ, ಪರದೇಶದವರ ಮೇಲಿನ ಸಿಟ್ಟು ಹೆಚ್ಚಾಗಿರುವ ಪೂರ್ವದಲ್ಲಿ ಪರದೇಶದವರ ಸಂಖ್ಯೆ ಪಶ್ಚಿಮಕ್ಕಿಂತ ಬಹಳ ಕಡಿಮೆ. ವಿಶ್ವವಿದ್ಯಾನಿಲಯವಿರುವ ಯೇನಾದಲ್ಲಿ ಆ ಪಕ್ಷದ ಬಲ ಕಡಿಮೆ. ಸುತ್ತಿನ ಹಳ್ಳಿಗಾಡಿನಲ್ಲಿ ಹೆಚ್ಚು.

ಕಾರಣ ತಿಳಿದರೆ ಸಿಟ್ಟು ಇಳಿಯುತ್ತದೆ, ಭಯ ಇಳಿಯುವುದಿಲ್ಲ. ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಕೊನೆಯವರೆಗೆ ಖಾಲಿ ಉಳಿಯುವುದುಂಟು ಎಂದು ಹುಡುಗ ಒಮ್ಮೆ ಹೇಳಿದ್ದ. ಹಾಗೆ ಮಾಡುವವನ ಕಾರ್ಖಾನೆ ಯಾವ ವರ್ಷ ಮುಚ್ಚಿತೆಂದು ಅವನು ವಿಚಾರಿಸುತ್ತ ಕೂರಲಾದೀತೆ?

ಆದರೂ ಒಂದು ಮಾತು ತಂಗಿಗೆ ಹೇಳಿದೆ. ತುರಿಂಗಿಯಾದಲ್ಲಿ 2025ರಲ್ಲಿ ಆ ಪಕ್ಷಕ್ಕೆ ಬಂದದ್ದು ನೂರಕ್ಕೆ 38.6. ಅಂದರೆ ಮತ ಹಾಕಿದ ಹತ್ತು ಜನರಲ್ಲಿ ಆರು ಜನ ಬೇರೆಯವರಿಗೆ ಹಾಕಿದ್ದಾರೆ. ನಕ್ಷೆ ಬರೆಯುವವನ ಕುಂಚಕ್ಕೆ ಆ ಆರು ಜನ ಕಾಣುವುದಿಲ್ಲ. ಗೆದ್ದವರ ಬಣ್ಣವನ್ನೇ ಎಲ್ಲರ ಮೇಲೂ ಬಳಿದುಬಿಡುತ್ತಾನೆ.

“ಉಳಿದ ನಾಲ್ವರು?” ಎಂದಳು ತಂಗಿ.

ಓದಿದವರು ಬಿಟ್ಟುಹೋದುದರಿಂದಲೇ ಆ ಊರುಗಳು ಹೀಗಾದುವು, ಒಬ್ಬ ಹೋಗಿ ನೆಲಸಿದರೆ ಒಳ್ಳೆಯದೇ ಎಂದು ಬರೆಯುವುದು ನನಗೆ ಸುಲಭ. ಆ ಭಾರವನ್ನು ಇಪ್ಪತ್ತನಾಲ್ಕು ವರ್ಷದ ಹುಡುಗನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಅವನು ಮಾತ್ರ ನಮ್ಮಿಬ್ಬರನ್ನೂ ಕೇಳದೆ ಕೆಲಸ ಒಪ್ಪಿಕೊಂಡಿದ್ದಾನೆ. ಕಾರ್ಖಾನೆಯಿಂದ ಊರಿಗೆ ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಮೊದಲೇ ತಿಳಿದುಕೊಂಡಿದ್ದಾನಂತೆ.