ಗಾರೆ ಗೋಡೆಗೆ ಸಿಮೆಂಟಿನ ಮದ್ದು

ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಹೈಸ್ಕೂಲು ಹುಡುಗರ ಇಟ್ಟಿಗೆ ಹಾಸ್ಟೆಲುಗಳು ಒಂದೊಂದಾಗಿ ನೆಲಕಚ್ಚುತ್ತಿವೆ. ‘ಹಳೇ ಕಟ್ಟಡ, ಬೀಳೋ ಹಾಗಿತ್ತು’ ಎಂದು ಎಲ್ಲರೂ ಅನ್ನುತ್ತಾರೆ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ನಾನು ಇದ್ದು ಓದಿದ ಹಾಸ್ಟೆಲ್ ವಯಸ್ಸಾಗಿ ಬೀಳಲಿಲ್ಲ. ಅದನ್ನು ರಿಪೇರಿ ಮಾಡಿ ಮಾಡಿಯೇ ಕೆಡಿಸಿದರು.

ಇಂಥ ಹಾಸ್ಟೆಲುಗಳು ಎದ್ದ ಕಾಲ ದೊಡ್ಡದು. 1906ರಲ್ಲಿ ಒಕ್ಕಲಿಗರ ಸಂಘ ಶುರುವಾಗಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ವಿಚಾರ ನೋಡಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಹಿಂದುಳಿದವರ ಮಕ್ಕಳೂ ಓದಿ ಸರ್ಕಾರಿ ನೌಕರಿಗೆ ಬರಬೇಕೆಂಬ ಮಾತು ಹಳ್ಳಿಗಳಿಗೂ ಮುಟ್ಟಿತು. ಓದಲು ಬಂದ ಹುಡುಗನಿಗೆ ಪಟ್ಟಣದಲ್ಲಿ ಎರಡು ಹೊತ್ತಿನ ಮುದ್ದೆ, ಮಲಗಲೊಂದು ಜಾಗ ಬೇಕಲ್ಲ? ಮಠಗಳು, ಸಂಘಗಳು, ಉಳ್ಳವರು ಮುಂದೆ ಬಂದು ಕಟ್ಟಿಸಿದರು.

ನಮ್ಮದರಲ್ಲಿ ನಡುವೆ ಅಂಗಳ, ಸುತ್ತ ಪಡಸಾಲೆ, ಅದಕ್ಕೆ ಸೇರಿದಂತೆ ಉದ್ದನೆಯ ಕೋಣೆಗಳು. ಕೆರೆಯಂಗಳದ ಮಣ್ಣಿನ ಇಟ್ಟಿಗೆ, ಸುಣ್ಣದ ಗಾರೆ, ಒಂದೂವರೆ ಅಡಿ ದಪ್ಪದ ಗೋಡೆ. ಕಿಟಕಿಯ ಮೇಲಿನ ಕಮಾನಿಗೆ ಕಲ್ಲಿನ ಆಸರೆಯಿಲ್ಲ, ಕಬ್ಬಿಣವೂ ಇಲ್ಲ. ಒಂದರ ಭಾರಕ್ಕೆ ಒಂದು ಒತ್ತುಕೊಟ್ಟು ನಿಂತ ಇಟ್ಟಿಗೆಗಳಷ್ಟೇ. ಗೋಡೆಯ ದಪ್ಪದಲ್ಲಿ, ಕಿಟಕಿಯೊಳಗೆ, ಒಬ್ಬ ಹುಡುಗ ಕಾಲು ಮಡಚಿ ಕೂತು ಓದಬಹುದಿತ್ತು. ಪರೀಕ್ಷೆ ಹತ್ತಿರ ಬಂದರೆ ಆ ಜಾಗಕ್ಕೆ ಜಗಳ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ತಾರಸಿ. ಮದ್ರಾಸ್ ತಾರಸಿ ಎನ್ನುತ್ತಿದ್ದರು. ಚಾಪೆಯ ಮೇಲೆ ಅಂಗಾತ ಮಲಗಿದರೆ ಕಾಣುವುದು ಅದೇ: ತೇಗದ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಅಂಗುಲ ದಪ್ಪದ ಪುಟ್ಟ ಇಟ್ಟಿಗೆಗಳು, ಮಗ್ಗುಲಾಗಿ ನಿಲ್ಲಿಸಿ ಓರೆಯಾಗಿ ಸಾಲು ಹಿಡಿದದ್ದು. ಅದರ ಮೇಲೆ ಇಟ್ಟಿಗೆ ಜಲ್ಲಿಗೆ ಸುಣ್ಣ ಬೆರೆಸಿ ಹಾಸಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಹಾಗೆ ಬಡಿದು ಗಟ್ಟಿಮಾಡಿದ ತಾರಸಿಯಡಿ ಏಪ್ರಿಲ್ ಮಧ್ಯಾಹ್ನಗಳಲ್ಲಿ ಫ್ಯಾನಿಲ್ಲದೆ ನಿದ್ದೆ ಮಾಡಿದ್ದೇವೆ.

ಒಂದು ಮಳೆಗಾಲ ಗೋಡೆಯ ಬುಡ ತೇವ ಹಿಡಿಯಿತು. ನೋಡಿಕೊಳ್ಳುತ್ತಿದ್ದವರು ಸಿಮೆಂಟು ಬಳಿಸಿ, ಮೇಲೆ ಎಣ್ಣೆ ಬಣ್ಣ ಹೊಡೆಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದ್ದು. ಆದರೆ ಗಾರೆ ಗೋಡೆ ನೆಲದಿಂದ ಹೀರಿದ ತೇವವನ್ನು ಗಾಳಿಗೆ ಬಿಟ್ಟು ಒಣಗುವಂಥದ್ದು. ಸಿಮೆಂಟು ಆ ದಾರಿ ಮುಚ್ಚಿಬಿಡುತ್ತದೆ. ನೀರು ಒಳಗೇ ಉಳಿದು ಇನ್ನೂ ಮೇಲೇರುತ್ತದೆ. ಅದರಲ್ಲಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ತಿನ್ನುತ್ತದೆ. ಕಡೆಯ ಸಲ ಹೋದಾಗ ಪಡಸಾಲೆಯ ಕಂಬದ ಬಳಿ ಪ್ಲಾಸ್ಟರು ಉಬ್ಬಿಕೊಂಡಿತ್ತು. ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ಹೆಕ್ಕಳೆ ಕಿತ್ತು ಕೈಗೆ ಬಂತು. ಹಿಂದಿದ್ದ ಇಟ್ಟಿಗೆ ಒದ್ದೆ ರವೆಯ ಹಾಗೆ ಉದುರಿತು. ತಾರಸಿಯ ಮೇಲೂ ಕಾಂಕ್ರೀಟು ಹಾಕಿಸಿದ್ದರು. ಜಂತೆಗಳಿಗೆ ಭಾರ ಹೆಚ್ಚಾಯಿತು, ಬಿರುಕಿನಲ್ಲಿ ನೀರಿಳಿದು ಅವುಗಳ ತುದಿ ಲಡ್ಡಾಯಿತು. ಆಮೇಲೆ ಎಂಜಿನಿಯರು ಬಂದು, ವಾಸಕ್ಕೆ ಯೋಗ್ಯವಲ್ಲ ಎಂದು ಬರೆದುಕೊಟ್ಟರು.

ಈಗ ಅಲ್ಲಿ ಮೂರು ಮಹಡಿ ಎದ್ದಿದೆ. ಇಬ್ಬಿಬ್ಬರಿಗೊಂದು ರೂಮು, ಮೇಜು, ನಲ್ಲಿಯಲ್ಲಿ ಬಿಸಿನೀರು. ಮಕ್ಕಳಿಗೆ ಅನುಕೂಲವಾಯಿತು, ಸಂತೋಷವೇ. ಆದರೆ ಅಂಗಳವೂ ಇಲ್ಲ, ಪಡಸಾಲೆಯೂ ಇಲ್ಲ. ರಾತ್ರಿ ಊಟವಾದ ಮೇಲೆ ಹತ್ತನೇ ಕ್ಲಾಸಿನ ಹುಡುಗ ಚಿಕ್ಕವರನ್ನು ಸುತ್ತ ಕೂರಿಸಿಕೊಂಡು ಲೆಕ್ಕ ಹೇಳಿಕೊಡಲು ಜಾಗವೆಲ್ಲಿದೆ? ನಾನು ಗಣಿತ ಕಲಿತದ್ದು ಪಡಸಾಲೆಯಲ್ಲಿ.

ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣ ಇಂದು ಕಾಣುವುದೇ ಅಪರೂಪ. ಹದ ಬಲ್ಲ ಮೇಸ್ತ್ರಿಗಳು ಬೆರಳೆಣಿಕೆಯಷ್ಟಿದ್ದಾರೆ. ಇಂಥ ಹಾಸ್ಟೆಲುಗಳು ಮಾತ್ರ ಇನ್ನೂ ಕೆಲವು ಊರುಗಳಲ್ಲಿ ನಿಂತಿವೆ. ಅವನ್ನು ನೋಡಿಕೊಳ್ಳುತ್ತಿರುವ ಹಿರಿಯರಲ್ಲಿ ನನ್ನದೊಂದು ಬೇಡಿಕೆ: ಜೆಸಿಬಿಯವರಿಗೆ ಫೋನ್ ಮಾಡುವ ಮೊದಲು ಅಂಥ ಒಬ್ಬ ಮೇಸ್ತ್ರಿಯನ್ನು ಹುಡುಕಿ ಕರೆಸಿ. ಗೋಡೆ ಬುಡದ ಸಿಮೆಂಟು ಕೆತ್ತಿಸಿ, ಒಂದು ಬೇಸಿಗೆ ಹಾಗೇ ಒಣಗಲು ಬಿಡಿ, ಆಮೇಲೆ ಸುಣ್ಣದ ಗಾರೆಯನ್ನೇ ಮಾಡಿಸಿ.