ಬುತ್ತಿಯೊಡನೆ ಬಿಡದಿಗೆ

ಪ್ರವಾಸವೆಂದೊಡನೆ ಬುತ್ತಿ ಕಟ್ಟುವುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳ ರೂಢಿ. ಮಧುಗಿರಿಯ ಏಕಶಿಲಾ ಬೆಟ್ಟವಾಗಲಿ, ಕೊರಟಗೆರೆಯ ಸಿದ್ದರಬೆಟ್ಟವಾಗಲಿ, ಹತ್ತಿ ಇಳಿದು ನೆರಳಿನಲ್ಲಿ ಗಂಟು ಬಿಚ್ಚಿದರೆ ಊಟದ ಚಿಂತೆ ತೀರಿತು. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಉದ್ಯಾನದಲ್ಲಿ ಹಾಗಲ್ಲ. ಹೊರಗಿನ ತಿಂಡಿಯನ್ನು ಒಳಗೆ ಕೊಂಡೊಯ್ಯುವಂತಿಲ್ಲ.

ಇದನ್ನು ವಿಚಾರಿಸದೆಯೇ ನಾವು ಏಳು ಮಂದಿ ಮಧುಗಿರಿಯಿಂದ ಹೊರಟೆವು. ಅತ್ತೆಯವರು ನಸುಕಿನಲ್ಲೆದ್ದು ರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಿತ್ರಾನ್ನ ಮಾಡಿದ್ದರು. ಬಾಗಿಲಿನಲ್ಲಿ ವಿಷಯ ತಿಳಿದಾಗ ಅವರ ಮುಖ ಬಾಡಿತು. “ನೀವು ಹೋಗ್ಬನ್ನಿ, ನಾನಿಲ್ಲೇ ಗಂಟು ಕಾಯ್ತೀನಿ” ಎಂದರು. ಆ ಮಾತಿಗೆ ನಾಚಿ ಎಲ್ಲರೂ ಹಿಂದಿರುಗಿ, ವಾಹನದ ಪಕ್ಕದಲ್ಲೇ ಕುಳಿತು ಹೊಟ್ಟೆ ತುಂಬ ಉಂಡು, ಅವರನ್ನೂ ಕರೆದುಕೊಂಡು ಒಳಹೊಕ್ಕೆವು.

ನೀರಾಟವು ಹಸಿವನ್ನು ಇಮ್ಮಡಿಗೊಳಿಸುತ್ತದೆ. ಗೃಹಿಣಿಯರು ಇದನ್ನು ಮರೆಯಬಾರದು. ಮೂರು ಗಂಟೆಗೆ ಮಕ್ಕಳು ನಡುಗುತ್ತ ಬಂದರು. ತಲೆಗೊಂದು ಊಟ ಕೊಳ್ಳದೆ, ಮಕ್ಕಳಿಗಷ್ಟೇ ಬಿಸಿ ತಿಂಡಿ ತರಿಸಿದೆವು. ಪ್ರವೇಶದ ಹಣದೊಡನೆ ಈ ಒಂದು ಹೊತ್ತಿನ ಹಣವನ್ನೂ ಮನೆಯಲ್ಲೇ ಬೇರೆ ತೆಗೆದಿಟ್ಟರೆ ಅಲ್ಲಿ ಮಕ್ಕಳ ಮುಂದೆ ಲೆಕ್ಕ ಹಾಕುವ ಸಂಕಟವಿಲ್ಲ. ಅತ್ತೆಯವರು ಬೆಲೆ ಕೇಳಿ ಏನೂ ಬೇಡವೆಂದುಬಿಟ್ಟರು.

ನಮ್ಮ ತಾಲ್ಲೂಕುಗಳ ಕಡೆಗೆ ಮರಳುವವರಿಗೆ ತುಮಕೂರಿಗೆ ಮೊದಲೇ ಕ್ಯಾತ್ಸಂದ್ರ ಸಿಗುತ್ತದೆ. ಅಲ್ಲಿ ತಿರುಗಿ ಸಿದ್ಧಗಂಗೆಯ ದಾಸೋಹದ ಪಂಕ್ತಿಯಲ್ಲಿ ಕುಳಿತೆವು. ಬೆಳಗಿನ ಬುತ್ತಿಯ ಬಳಿಕ ಏನನ್ನೂ ಮುಟ್ಟದಿದ್ದ ಅತ್ತೆಯವರು ಅನ್ನ, ಸಾಂಬಾರನ್ನು ಎರಡು ಸಲ ಬಡಿಸಿಕೊಂಡರು.